ನಲ್ಲಿ ಕಲ್ಲೇಶಣ್ಣ

ಯಾವ ಹೊಸ ಕಟ್ಟಡದ ಉದ್ಘಾಟನೆಗೆ ಕರೆದರೂ ನಮ್ಮ ಶಾಸಕ ಕಲ್ಲೇಶಣ್ಣ ಟೇಪು ಕತ್ತರಿಸುವ ಮೊದಲು ಹಿಂದುಗಡೆ ಹೋಗಿ ನಲ್ಲಿ ತಿರುಗಿಸಿ ನೋಡುತ್ತಿದ್ದರು. ಮುಂದೆ ವಾಲಗ, ಹಾರ, ಕುರ್ಚಿಗಳ ಸಾಲು. ಶಾಸಕರು ಮಾತ್ರ ಪಂಚೆ ಎತ್ತಿ ಕಟ್ಟಿಕೊಂಡು ಜಲ್ಲಿ ರಾಶಿ ದಾಟುತ್ತಿರುವರು. ನೀರು ಬಂದರೆ ಬೊಗಸೆಯಲ್ಲಿ ಹಿಡಿದು ಮುಖ ತೊಳೆದುಕೊಂಡು ಬಂದು ಟೇಪು ಕತ್ತರಿಸುವರು. ಬರದಿದ್ದರೆ ಕತ್ತರಿಯನ್ನು ಎಂಜಿನಿಯರ ಕೈಗೇ ಕೊಟ್ಟು, "ಬರೀ ಗಾಳಿ ಬತ್ತೈತೆ ಕಣ್ರಯ್ಯಾ. ಗಾಳಿಗೆ ನಾನ್ಯಾಕೆ, ನೀವೇ ಉದ್ಘಾಟನೆ ಮಾಡ್ಕಳಿ" ಎಂದು ಹೊರಟೇಬಿಡುವರು. ಹೀಗಾಗಿ ನಮ್ಮ ಕಡೆ ಅವರಿಗೆ ನಲ್ಲಿ ಕಲ್ಲೇಶಣ್ಣ ಎಂದೇ ಹೆಸರಾಯಿತು. ಅವರಿಗೂ ಅದು ಗೊತ್ತಿತ್ತು, ಬೇಜಾರೇನೂ ಇರಲಿಲ್ಲ.

ಶಾಸಕರಾಗುವ ಮೊದಲು ಅವರು ಬಸ್ ಕಂಡಕ್ಟರ್. ಕಡೂರು, ತರೀಕೆರೆ, ಅಜ್ಜಂಪುರ, ಶಿವನಿ ಎಂದು ಅದೇ ರಸ್ತೆಗಳಲ್ಲಿ ಆಯಸ್ಸೆಲ್ಲ ಓಡಾಡಿದವರು. ಯಾರು ಯಾವ ಸ್ಟಾಪಿನಲ್ಲಿ ಇಳಿಯುವವರು, ಯಾರ ಮಗಳನ್ನು ಯಾವ ಊರಿಗೆ ಕೊಟ್ಟಿದೆ, ಎಲ್ಲವೂ ಬಾಯಿಪಾಠ. ಚುನಾವಣೆ ಗೆದ್ದದ್ದೂ ಆ ಬಾಯಿಪಾಠದ ಬಲದಿಂದಲೇ. ನಮ್ಮದು ಜಿಲ್ಲೆಯ ಬಡಗಣ ಅಂಚು. ಮಲೆ ಕಡೆಯವರಿಗೆ ಬಡಿಸಿ ಉಳಿದದ್ದು ನಮ್ಮ ಎಲೆಗೆ ಬೀಳುತ್ತದೆ ಎಂಬುದು ಇಲ್ಲಿನವರ ಹಳೆಯ ಗೊಣಗಾಟ. ಕಲ್ಲೇಶಣ್ಣ ಗೊಣಗಲಿಲ್ಲ, ವಿಧಾನಸಭೆಯಲ್ಲಿ ಎದ್ದು ನಿಂತು ಕೇಳಿದರು. ಅದೂ ಆಳುವ ಪಕ್ಷದಲ್ಲಿದ್ದುಕೊಂಡು! "ದುಡ್ಡು ಈಸ್ಕಂಡು ಟಿಕೆಟ್ ಹರಿದ ಮ್ಯಾಲೆ ಊರು ಮುಟ್ಟಿಸ್ಬೇಕು. ಅರ್ಧ ದಾರೀಲಿ ಇಳಿಸಿ, ಬಸ್ಸೇನೋ ಚೆನ್ನಾಗೈತೆ ನೋಡ್ಕಳಿ ಅಂದ್ರೆ ಯಾರು ಕೇಳ್ತಾರೆ?" ಎನ್ನುವುದು ಸರ್ಕಾರದ ಖರ್ಚಿನ ಬಗ್ಗೆ ಅವರ ಪೂರ್ತಿ ಸಿದ್ಧಾಂತ.

ನನ್ನ ಅವರ ಪರಿಚಯವಾದದ್ದೂ ನಲ್ಲಿಯಿಂದಲೇ. ನಾನು ನರ್ಸು, ಗುತ್ತಿಗೆ ಮೇಲೆ ಇದ್ದವಳು. ವರ್ಷಕ್ಕೊಮ್ಮೆ ಮುಂದುವರಿಸಿದರೆ ಕೆಲಸ ಉಂಟು, ಇಲ್ಲದಿದ್ದರೆ ಇಲ್ಲ. ಆಸ್ಪತ್ರೆಯ ಹೆಸರು ಬೇಡ. ಕೆರೆ ಪಕ್ಕದ ಒಂದು ಊರು ಎಂದರೆ ಸಾಕು. ಅಲ್ಲಿ ಹೊಸ ಹೆರಿಗೆ ಕೋಣೆ ಕಟ್ಟಿದ್ದರು. ಗೋಡೆಗೆ ಬಿಳಿ ಟೈಲ್ಸು, ಹೊಳೆಯುವ ನಲ್ಲಿ, ಆದರೆ ಹೊರಗಿನ ಪೈಪಿಗೆ ಸಂಪರ್ಕವೇ ಇಲ್ಲ. ಆಯಾ ಗಂಗಮ್ಮ ಶಾಲೆಯ ಬೋರ್‌ವೆಲ್ಲಿನಿಂದ ಕೊಡದಲ್ಲಿ ನೀರು ಹೊರುತ್ತಿದ್ದಳು. ಕರೆಂಟು ಹೋದರೆ ಆ ನೀರೂ ಇಲ್ಲ, ಆಗ ಬಸುರಿಯರನ್ನು ತರೀಕೆರೆಗೆ ಕಳಿಸುತ್ತಿದ್ದೆವು. ಕಲ್ಲೇಶಣ್ಣ ಒಂದು ದಿನ ಹೇಳದೆ ಕೇಳದೆ ಬಂದರು, ನಲ್ಲಿ ತಿರುಗಿಸಿದರು, ನನ್ನ ಕಡೆ ನೋಡಿದರು. ಇದ್ದದ್ದನ್ನು ಇದ್ದ ಹಾಗೆ ಹೇಳಿದೆ. ಕಿವಿಯ ಮೇಲಿನ ಪೆನ್ನು ತೆಗೆದು ಅಂಗೈ ಮೇಲೆ ಬರೆದುಕೊಂಡರು.

ಪ್ರಶ್ನೆ ಸದನಕ್ಕೆ ಹೋಯಿತು. ಉತ್ತರವೂ ಅಚ್ಚುಕಟ್ಟಾಗಿ ಬಂತು. ಕಟ್ಟಡ ಪೂರ್ಣಗೊಂಡಿದೆ, ನೀರಿನ ವ್ಯವಸ್ಥೆ ಕಲ್ಪಿಸಲಾಗಿದೆ, ಗರ್ಭಿಣಿಯರನ್ನು ಬೇರೆಡೆ ಕಳಿಸಿರುವುದು ಶುಶ್ರೂಷಕಿಯ ನಿರ್ಲಕ್ಷ್ಯದಿಂದ, ಅವರ ಮೇಲೆ ಕ್ರಮ ಕೈಗೊಳ್ಳಲಾಗುವುದು. ಅದರ ಬೆನ್ನಿಗೇ ನನಗೆ ನೋಟಿಸು. ಗುತ್ತಿಗೆ ಯಾಕೆ ರದ್ದು ಮಾಡಬಾರದು ಎಂದು ಒಂದು ವಾರದಲ್ಲಿ ಬರೆದು ತಿಳಿಸಬೇಕಂತೆ.

ನಮ್ಮತ್ತೆ ಓದಿಸಿಕೊಂಡು, "ದೊಡ್ಡೋರು ಕೇಳ್ತಾರೆ ಅಂತ ಎಲ್ಲಾನೂ ಒದರಿಬಿಡದೇನೇ?" ಅಂದರು. ಅವರ ಮೇಲಿನ ಸಿಟ್ಟನ್ನೂ ಸೇರಿಸಿಕೊಂಡು ನಾನು ಬಸ್ಸು ಹತ್ತಿ ಕಲ್ಲೇಶಣ್ಣನ ಮನೆಗೇ ಹೋದೆ. ಅವರು ಜಗುಲಿಯಲ್ಲಿ ಅವರೆಕಾಯಿ ಸುಲಿಯುತ್ತಿದ್ದರು. ಶಾಸಕರು ಎನ್ನುವುದನ್ನೂ ನೋಡದೆ ಬಾಯಿಗೆ ಬಂದದ್ದೆಲ್ಲ ಅಂದುಬಿಟ್ಟೆ. "ನಿಮ್ಗೆ ಪೇಪರಲ್ಲಿ ಹೆಸ್ರು ಬಂತು, ನನ್ಗೆ ನೋಟಿಸು ಬಂತು. ನಲ್ಲೀಲಿ ನೀರಂತೂ ಬರ್ಲಿಲ್ಲ" ಎಂದೆ. ಅವರು ನೋಟಿಸನ್ನು ಎರಡು ಸಲ ಓದಿದರು. ಮುಖ ಸಣ್ಣಗಾಯಿತು.

"ಡ್ರೈವರ್‌ನ ಎಚ್ಚರಿಸಕ್ಕೆ ಅಂತ ಸೀಟಿ ಊದಿದೆ ಕಣಮ್ಮ. ಬಾಗ್ಲಲ್ಲಿ ನಿಂತಿದ್ದೋರು ಬಿದ್ದೋದ್ರು" ಎಂದರು. ಆಮೇಲೆ ಒಳಗೆ ನೋಡಿ, "ಲೇ, ನರ್ಸಮ್ಮಂಗೆ ಊಟಕ್ಕಿಕ್ಕೇ" ಎಂದು ಹೆಂಡತಿಯನ್ನು ಕೂಗಿದರು. ನಾನು ಸಿಟ್ಟಿನಲ್ಲೇ ಉಂಡೆ, ಸಾರು ಚೆನ್ನಾಗಿತ್ತು.

ಅದಾದ ಮೂರನೆಯ ದಿನ ಆ ಉತ್ತರ ಬರೆದುಕೊಟ್ಟ ಅಧಿಕಾರಿಯನ್ನೂ ಎಂಜಿನಿಯರನ್ನೂ ಕಲ್ಲೇಶಣ್ಣ ನಮ್ಮ ಆಸ್ಪತ್ರೆಗೆ ಊಟಕ್ಕೆ ಕರೆದರು. ಪರಿಶೀಲನೆಗಲ್ಲ, ಊಟಕ್ಕೆ! ಅವರ ಮನೆಯಿಂದಲೇ ರಾಗಿಮುದ್ದೆ, ಅವರೆಕಾಳು ಸಾರು ಬಂತು. ಚಮಚಗಿಮಚ ಏನೂ ಇಲ್ಲ. ಹರಟೆ ಹೊಡೆಯುತ್ತ ಎಲ್ಲರೂ ಎರಡೆರಡು ಮುದ್ದೆ ಇಳಿಸಿದರು. ಎದ್ದ ಮೇಲೆ ಕಲ್ಲೇಶಣ್ಣ ಹೆರಿಗೆ ಕೋಣೆಯ ನಲ್ಲಿ ತೋರಿಸಿ, "ಕೈ ತೊಳ್ಕಳಿ ಸ್ವಾಮಿ. ವ್ಯವಸ್ಥೆ ಕಲ್ಪಿಸಲಾಗಿದೆ" ಎಂದರು.

ಅಧಿಕಾರಿ ಎಡಗೈಯಲ್ಲಿ ನಲ್ಲಿ ತಿರುಗಿಸಿದರು. ಸುಂಯ್ ಎಂದಿತು. ಎಂಜಿನಿಯರು ಮುಂದೆ ಬಂದು ಇನ್ನಷ್ಟು ತಿರುಗಿಸಿದರು. ಮುದ್ದೆ ಉಂಡ ಕೈ ಒಣಗಿದರೆ ಹೇಗೆ ಬಿಗಿಯುತ್ತದೆ ಎಂದು ಉಂಡವರಿಗೇ ಗೊತ್ತು. ಇಬ್ಬರೂ ಬಲಗೈಯನ್ನು ಬಟ್ಟೆಗೆ ತಾಗದ ಹಾಗೆ ದೂರ ಹಿಡಿದುಕೊಂಡು ಒಬ್ಬರ ಮುಖ ಒಬ್ಬರು ನೋಡುತ್ತ ನಿಂತರು. ನನಗೆ ನಗು ತಡೆಯಲಾಗದೆ ಔಷಧಿ ಕೋಣೆಗೆ ಹೋಗಿಬಿಟ್ಟೆ. ಕೊನೆಗೆ ಗಂಗಮ್ಮ ಕೊಡ ತಂದು ಅವರ ಕೈಗೆ ನೀರು ಹುಯ್ದಳು. ಆಗ ಕಲ್ಲೇಶಣ್ಣ ದನಿ ತಗ್ಗಿಸಿ, "ಈಯಮ್ಮ ಸೊಂಟದ ಮ್ಯಾಲೆ ಹೊತ್ಕಂಡು ಬಂದ ನೀರು ಇದು. ನಿಮ್ ಉತ್ತರದಾಗೆ ಈಯಮ್ಮನ ಸುದ್ದಿ ಇಲ್ಲ. ತಪ್ಪಿಗೆ ಮಾತ್ರ ನರ್ಸಮ್ಮನ ಹುಡುಕ್ಕಂಡು ಬಂದ್ರಿ" ಎಂದರು. ಮರುದಿನವೇ ನೋಟಿಸು ವಾಪಸ್ಸಾಯಿತು. ಪೈಪು ಬರಲು ಇನ್ನೂ ಕೆಲವು ತಿಂಗಳು ಹಿಡಿಯಿತು, ಅಷ್ಟು ದಿನವೂ ಗಂಗಮ್ಮ ಹೊತ್ತಳು. ಮುಂದಿನ ಅಧಿವೇಶನದಲ್ಲಿ ಕಲ್ಲೇಶಣ್ಣ ಎದ್ದು ನಿಂತು, ನರ್ಸಿನ ತಪ್ಪಿಲ್ಲ, ಮುಂದೇನಾದೀತೆಂದು ಯೋಚಿಸದೆ ಪ್ರಶ್ನೆ ಕೇಳಿದ್ದು ತಮ್ಮದೇ ತಪ್ಪು, ಇದು ಕಡತಕ್ಕೆ ಹೋಗಲಿ ಎಂದು ಪಟ್ಟು ಹಿಡಿದರಂತೆ. ಅವರ ಪಕ್ಷದವರೇ ಹಲ್ಲು ಕಡಿದರಂತೆ.

ಅಂದಿನಿಂದ ಅವರದೊಂದು ಹೊಸ ಪದ್ಧತಿ ಶುರುವಾಯಿತು. ಪ್ರಶ್ನೆ ಕೊಡುವ ಮೊದಲು, ಅದರ ಏಟು ಕಟ್ಟಕಡೆಗೆ ಯಾರ ಬೆನ್ನಿಗೆ ಬೀಳಬಹುದೋ ಅವರಿಗೇ ಓದಿ ಹೇಳುವುದು. ಬಿಸಿಯೂಟದ ಪ್ರಶ್ನೆಯನ್ನು ಅಡುಗೆಯವಳ ಮುಂದೆ, ಸಿಂಗಟಗೆರೆ ಬಸ್ಸಿನ ಪ್ರಶ್ನೆಯನ್ನು ಡ್ರೈವರನ ಮುಂದೆ. ಆಸ್ಪತ್ರೆಯದಾದರೆ ನನಗೆ ಫೋನು, ಅದೂ ಸರಿಯಾಗಿ ಊಟದ ಹೊತ್ತಿಗೆ. "ಇದ್ನ ಕೇಳಿದ್ರೆ ಏಟು ಯಾರ್ಗೆ ಬೀಳ್ತೈತೆ ನರ್ಸಮ್ಮ?" ನಾನು ಹೇಳುತ್ತಿದ್ದೆ, ಅವರು ತಿದ್ದುತ್ತಿದ್ದರು. ಅಡುಗೆಯವಳು ಬೇಡವೆಂದು ಅತ್ತಳೆಂದು ಒಂದು ಪ್ರಶ್ನೆಯನ್ನು ಹರಿದೇ ಹಾಕಿದರು. ಅದು ಸರಿಯೋ ತಪ್ಪೋ ನನಗೆ ಇಂದಿಗೂ ಗೊತ್ತಿಲ್ಲ. ಆ ಶಾಲೆಯಲ್ಲಿ ಸಾರು ತೆಳ್ಳಗೇ ಉಳಿಯಿತು. ಅವರಿಗೂ ಅದು ಚುಚ್ಚುತ್ತಿತ್ತು. ಆ ಶಾಲೆಯ ಮುಂದೆ ಹಾಯುವಾಗ ತಲೆ ಬಗ್ಗಿಸುತ್ತಿದ್ದರು.

ಮುಂದಿನ ಚುನಾವಣೆಗೆ ಪಕ್ಷ ಅವರನ್ನು ನಿಲ್ಲಿಸಲಿಲ್ಲ. ಅವರು ಮತ್ತೆ ಬಸ್ಸಿನಲ್ಲಿ ಓಡಾಡತೊಡಗಿದರು. ಸೀಟು ಬಿಟ್ಟುಕೊಟ್ಟರೂ ಕೂರದೆ, ಅಭ್ಯಾಸಬಲದಿಂದ "ಒಳಿಕ್ಕೆ ನಡೀರಿ, ಒಳಿಕ್ಕೆ ನಡೀರಿ" ಎಂದು ಜನರನ್ನು ತಳ್ಳುತ್ತಿದ್ದರು.

ಕೊನೆಯ ಸಲ ನಮ್ಮ ಆಸ್ಪತ್ರೆಗೆ ಬಂದಾಗ ಪಾರ್ಶ್ವವಾಯು ಹೊಡೆದು ಬಲಗೈ ಸ್ವಾಧೀನ ತಪ್ಪಿತ್ತು. ನಾನು ಬಿ.ಪಿ. ನೋಡಿದೆ. ಅವರು ಹೆಂಡತಿಯ ಹೆಗಲು ಹಿಡಿದು ಸೀದಾ ನಲ್ಲಿಯ ಹತ್ತಿರ ನಡೆದರು. ಎಡಗೈಯಲ್ಲಿ ತಿರುಗಿಸಲು ಆಗಲಿಲ್ಲ. ನಾನೇ ತಿರುಗಿಸಿದೆ. ನೀರು ರಭಸವಾಗಿ ಬಿದ್ದು ಅವರ ಪಂಚೆ ನೆನೆಯಿತು. ಅರ್ಧ ಬಾಯಲ್ಲಿ ನಕ್ಕು, "ಮುಚ್ಚು ಮುಚ್ಚು, ಪೋಲಾಗ್ತೈತೆ" ಎಂದರು. ಅವರು ತೀರಿಕೊಂಡ ದಿನ ನನ್ನ ಕೈಯಲ್ಲಿ ಹೆರಿಗೆ ಇತ್ತು, ಮಣ್ಣಿಗೆ ಹೋಗಲಾಗಲಿಲ್ಲ.

ಮೊನ್ನೆ ಮೇಲಿನಿಂದ ತಂಡ ಬಂದಿತ್ತು. ಏನಾದರೂ ಕೊರತೆ ಇದ್ದರೆ ಹೇಳಿ ಎಂದರು. ನನ್ನದು ಇನ್ನೂ ಗುತ್ತಿಗೆಯೇ. ನಮ್ಮವರೆಲ್ಲ "ಏನಿಲ್ಲ ಸಾರ್, ಎಲ್ಲಾ ಸರಿಯಾಗೈತೆ" ಎಂದು ಕೈಕಟ್ಟಿ ನಿಂತರು. ನಾನು ಕಾಗದ ಈಸಿಕೊಂಡು, ಕರೆಂಟು ಹೋದರೆ ಹೆರಿಗೆ ಕೋಣೆಗೆ ಬೆಳಕಿಲ್ಲ, ಟಾರ್ಚು ಹಿಡಿದು ಹೆರಿಗೆ ಮಾಡಿಸುತ್ತಿದ್ದೇವೆ ಎಂದು ಬರೆದು, ಕೆಳಗೆ ನನ್ನ ಹೆಸರು ಹಾಕಿದೆ. ಏಟು ಯಾರಿಗೆ ಬೀಳುತ್ತದೆಂದು ನನಗೆ ಗೊತ್ತಿತ್ತು. ಈ ಸಲ ನೋಟಿಸು ಬಂದರೆ ಬಸ್ಸು ಹತ್ತಿ ಹೋಗಿ ಬಯ್ಯುವುದಕ್ಕೆ ಆ ಜಗುಲಿಯಲ್ಲಿ ಯಾರೂ ಇಲ್ಲ.