ಹೆದರಲು ಬಾರದವಳ ಎದುರು ಮೂರೆಲೆ

ಇಸ್ಪೀಟಿನಲ್ಲಿ ನನ್ನನ್ನು ಸೋಲಿಸುವುದು ಸುಲಭ, ಆಟ ಬಾರದಿದ್ದರೆ ಸಾಕು. ಬಲ್ಲವರ ಎದುರು ನಾನು ಗಟ್ಟಿಗಿತ್ತಿಯೇ. ದೀಪಾವಳಿಗೆ ರಾಯಚೂರಿನ ನಮ್ಮ ಓಣಿಯಲ್ಲಿ, ಲಕ್ಷ್ಮೀಪೂಜೆ ಮುಗಿಸಿ ಅಕ್ಕಿ ಗಿರಣಿಯವರ ಮನೆಯ ಹೆಂಗಸರು ಹುಣಸೆ ಬೀಜ ಪಣಕ್ಕಿಟ್ಟು ಮೂರೆಲೆ ಆಡಲು ಕೂತರೆ, ನನ್ನ ಎದುರು ಕೂರಲು ಹಿಂದೆಮುಂದೆ ನೋಡುತ್ತಾರೆ. ಆಟ ಇಷ್ಟೇ: ತಲಾ ಮೂರು ಎಲೆ, ಬೀಜ ಹಾಕುತ್ತಾ ಹೋಗಬೇಕು, ಹೆದರಿದವರು ಎಲೆ ಚೆಲ್ಲಿ, ಹಾಕಿದ್ದನ್ನು ಬಿಟ್ಟುಕೊಡಬೇಕು. ಕೈಯಲ್ಲಿ ಏನೂ ಇಲ್ಲದಿದ್ದರೂ ದರ್ಬಾರೇ ನೆರೆದಿದೆ ಎಂಬಂತೆ ಮುಖ ಮಾಡಿ ಎದುರಿನವರನ್ನು ಓಡಿಸುವುದರಲ್ಲೇ ಇದರ ರುಚಿ. ಈ ಮುಖ ಮಾಡುವ ವಿದ್ಯೆಯಲ್ಲಿ ನನಗೆ ಒಳ್ಳೆಯ ಹೆಸರಿದೆ.

ಈ ಸಲ ದೀಪಾವಳಿ ಮುಗಿದ ವಾರಕ್ಕೇ ಮಾನ್ವಿಯಲ್ಲಿ ತಮ್ಮ ಬಸವರಾಜನ ಮಗಳ ತೊಟ್ಟಿಲ ಕಾರ್ಯವಿತ್ತು. ಬಹಳ ವರ್ಷ ಕಾದ ಮೇಲೆ ಹುಟ್ಟಿದ ಕೂಸು. ನಮ್ಮಲ್ಲಿ ಹೆಸರು ಆರಿಸುವುದೂ ಅದನ್ನು ಮಗುವಿನ ಕಿವಿಯಲ್ಲಿ ಕೂಗುವುದೂ ಸೋದರತ್ತೆಯ ಹಕ್ಕು. ಸೋದರತ್ತೆಯರು ಇಬ್ಬರು: ನಾನು, ಮತ್ತು ದೇವದುರ್ಗಕ್ಕೆ ಕೊಟ್ಟಿರುವ ನನ್ನ ತಂಗಿ ಮಾದೇವಿ. ನಾನು ಹಿರಿಯಳು. ಅವಳೋ ಬಂದು ಕೂತು ಬಾಣಂತನ ಮಾಡಿದವಳು. ನನಗೆ ಮಗುವಿಗೆ ಅವ್ವನ ಹೆಸರು ಬೇಕಿತ್ತು, ನೀಲಮ್ಮ. ಅವ್ವ ಹೋದ ಮೇಲೆ ತವರುಮನೆಯಲ್ಲಿ ಯಾರೂ "ನೀಲವ್ವಾ" ಎಂದು ಕರೆದಿಲ್ಲ. ತಂಗಿ ಎಲ್ಲಿ ಎರಡಕ್ಷರದ ಹೊಸ ಫ್ಯಾಷನ್ನಿನ ಹೆಸರು ಇಟ್ಟುಬಿಡುತ್ತಾಳೋ ಎಂಬ ದಿಗಿಲು ನನಗೆ.

ಕಾರ್ಯದ ಹಿಂದಿನ ದಿನ ಬಸವರಾಜ ಇಬ್ಬರು ಅಕ್ಕಂದಿರ ನಡುವೆ ಸಿಕ್ಕು ಕಂಗಾಲಾಗಿದ್ದ. "ನನ್ನ ಯಾಕ ಕೊಲ್ಲತೀರಿ? ಎಲಿ ಆಡಿ ತೀರ್ಮಾನ ಮಾಡ್ಕೊಳ್ರಿ. ಕೂಸು ಏಳೋದ್ರಾಗ ಯಾರತಲ್ಲಿ ಬೀಜ ಹೆಚ್ಚದಾವೋ ಅವರು ಕೂಗ್ರಿ" ಅಂದ. ನಾನು ಬೇಡವೆನ್ನಲಿಲ್ಲ. ಮಾದೇವಿಯ ಅತ್ತೆಯ ಮನೆಯಲ್ಲಿ ಇಸ್ಪೀಟು ಹೊಸ್ತಿಲು ದಾಟಿದ್ದಿಲ್ಲ. ಯಾವ ಎಲೆ ದೊಡ್ಡದು ಎಂಬುದನ್ನೂ ತಮ್ಮನೇ ಹೇಳಿಕೊಡಬೇಕಾಯಿತು.

ಮೊದಲ ಆಟದಲ್ಲೇ ನನ್ನ ಕೈಗೆ ಕಸ ಬಂತು. ಎಂದಿನಂತೆ ಸಣ್ಣಗೆ ನಕ್ಕು, ಮುಷ್ಟಿ ಬೀಜ ಸುರಿದೆ. ನಮ್ಮ ಓಣಿಯವರಾದರೆ ಅಷ್ಟಕ್ಕೇ ಎಲೆ ಚೆಲ್ಲುತ್ತಿದ್ದರು. ಮಾದೇವಿ ತಾನೂ ಮುಷ್ಟಿ ಸುರಿದಳು.

"ಚೆಲ್ಲಂಗಿಲ್ಲೇನು?" ಅಂದೆ.

"ಯಾಕ ಚೆಲ್ಲಲಿ ಯಕ್ಕಾ? ಇನ್ನಾ ಬೀಜ ಅದಾವಲ್ಲ."

ಆ ಬೀಜವೆಲ್ಲ ಅವಳ ಪಾಲಾಯಿತು. ಹೆದರಿಸಬೇಕಾದರೆ ಎದುರಿನವರಿಗೆ ಹೆದರುವಷ್ಟಾದರೂ ವಿದ್ಯೆ ಇರಬೇಕು. ಒಮ್ಮೆ ರಾಯಚೂರಿನ ಬಟ್ಟೆ ಅಂಗಡಿಯಲ್ಲಿ ಮನಸ್ಸಿಗೆ ಹಿಡಿಸಿದ ಸೀರೆಗೆ ಚೌಕಾಸಿ ಮಾಡಿ, ಎದ್ದು ಹೊರಟವಳಂತೆ ಚಪ್ಪಲಿ ಹುಡುಕಿದ್ದೆ. ಹಳೆಯ ಮಾಲೀಕರಾಗಿದ್ದರೆ ವಾಪಸು ಕರೆಯುತ್ತಿದ್ದರು. ಅಂದು ಗಲ್ಲಾಪೆಟ್ಟಿಗೆಯ ಮುಂದೆ ಹೊಸದಾಗಿ ಕೂತಿದ್ದ ಅವರ ಅಳಿಯ, "ಹೋಗಿ ಬರ್ರಿ" ಎಂದು ವಿನಯದಿಂದ ಸೀರೆ ಮಡಿಸಿಟ್ಟ. ಆ ಸೀರೆ ಈಗ ಯಾರ ಮೈಮೇಲಿದೆಯೋ.

ಆದರೂ ನಡುವೆ ಒಳ್ಳೆಯ ಎಲೆ ಬಂದು ನಾನು ಮುಂದಾದೆ. ಅಷ್ಟರಲ್ಲಿ ತೊಟ್ಟಿಲು ಒಮ್ಮೆ ಅಲುಗಿತು. ಮೂವರೂ ಉಸಿರು ಹಿಡಿದೆವು. ಕೂಸು ಬಾಯಿ ಚಪ್ಪರಿಸಿ ಮತ್ತೆ ಮಲಗಿತು. ಮುಂದಿನ ಆಟದಲ್ಲಿ ನನಗೆ ಜೋಡಿ ರಾಜರು ಬಂದರು. ಧೈರ್ಯವಾಗಿ ಬೀಜ ಹಾಕುತ್ತಾ ಹೋದೆ, ಅವಳೂ ಹಾಕುತ್ತಾ ಬಂದಳು. ನಡುವೆ ಗುಡ್ಡೆ ಬೆಳೆಯಿತು. ಕೊನೆಗೆ ಅವಳು ಉಳಿದ ಬೀಜವನ್ನೆಲ್ಲ ಎರಡೂ ಕೈಯಿಂದ ಮುಂದೆ ತಳ್ಳಿದಳು. ನಾನು ಅವಳ ಮುಖ ನೋಡಿದೆ. ಅಂಜಿಕೆಯ ಒಂದು ಗೆರೆಯೂ ಇಲ್ಲ. ಇವಳಿಗೆ ಎಲ್ಲವನ್ನೂ ಸೋಲಿಸುವ ಮೂರು ಎಕ್ಕ ಬಿದ್ದಿರಬೇಕು, ಇದೊಂದು ಗುಡ್ಡೆ ಬಿಟ್ಟುಕೊಟ್ಟು ಮುಂದಿನ ಆಟದಲ್ಲಿ ಕಸಿದುಕೊಂಡರಾಯಿತು ಎಂದು ರಾಜರನ್ನು ಚೆಲ್ಲಿಬಿಟ್ಟೆ.

ಅಷ್ಟರಲ್ಲೇ ಕೂಸು ಎದ್ದು ಕಿಟಾರನೆ ಕಿರುಚಿತು. ಬೀಜ ಎಣಿಸುವ ಅಗತ್ಯವೇ ಇರಲಿಲ್ಲ. ತಮ್ಮ ಅವಳ ಎಲೆ ಮಗುಚಿ ನೋಡಿದ: ಎರಡು, ಏಳು, ಒಂದು ರಾಣಿ. ಒಂದಕ್ಕೊಂದು ಸಂಬಂಧವಿಲ್ಲದ ಎಲೆಗಳು. ಮಾದೇವಿ ಆಗಲೇ ಮಗುವನ್ನು ಎತ್ತಿಕೊಳ್ಳಲು ಓಡಿದ್ದಳು.

ಮರುದಿನ ಮುಂಜಾನೆ ತೊಟ್ಟಿಲ ಸುತ್ತ ಹೆಂಗಸರೆಲ್ಲ ನೆರೆದರು. ಹೆಸರು ಕೂಗುವವಳ ಬೆನ್ನಿಗೆ ಉಳಿದವರು ಗುದ್ದುವುದು ನಮ್ಮ ಕಡೆಯ ಪದ್ಧತಿ. ಮಾದೇವಿ ಮಗುವಿನ ಕಿವಿಗೆ ಬಾಗಿದಳು. ನನಗೆ ತಡೆಯಲಾಗಲಿಲ್ಲ. ಅವಳ ಪಕ್ಕ ಬಗ್ಗಿ, "ಏನಂತ ಕೂಗ್ತೀಯೇ?" ಎಂದು ಪಿಸುಗುಟ್ಟಿದೆ.

ಅವಳು ನನ್ನನ್ನು ವಿಚಿತ್ರವಾಗಿ ನೋಡಿದಳು. "ಅವ್ವನ ಹೆಸರು. ಮತ್ಯಾವುದು ಕೂಗ್ಲಿ? ನೀ ಗೆದ್ದಿದ್ರ ಬ್ಯಾರೆ ಕೂಗ್ತಿದ್ದೇನು?"

ಯಾರು ಗೆದ್ದರೂ ಅವ್ವನೇ ಬರುತ್ತಾಳೆ ಎಂದು ನಂಬಿ ಕೂತವಳ ಮುಖದಲ್ಲಿ ನಾನು ಮೂರು ಎಕ್ಕ ಹುಡುಕಿದ್ದೆ. ಈ ಒಂದು ಮಾತನ್ನು ಊಟಕ್ಕೆ ಕೂತಾಗಲೇ ಕೇಳಬಹುದಿತ್ತು. ಎಲೆಯನ್ನು ಎದೆಗವಚಿಕೊಂಡು ಆಡಿ ಆಡಿ, ಒಡಹುಟ್ಟಿದವಳ ಹತ್ತಿರ ಮಾತನ್ನೂ ಹಾಗೇ ಬಚ್ಚಿಡುವ ಚಟ ನನಗೆ ಯಾವಾಗ ಅಂಟಿತೋ ತಿಳಿಯದು.

"ಕುರ್ರ್... ನೀಲವ್ವಾ" ಎಂದು ಅವಳು ಕೂಗಿದಳು. ಹೆಂಗಸರು ನಗುತ್ತಾ ಗುದ್ದಿದರು. ನಾನೂ ಗುದ್ದಿದೆ, ಸ್ವಲ್ಪ ಜೋರಾಗಿಯೇ. ಪೆಟ್ಟು ಬಿದ್ದದ್ದು ಅವಳಿಗೆ, ಸೆರಗಿನಿಂದ ಕಣ್ಣೊರೆಸಿಕೊಂಡವಳು ನಾನು.