ಎರಡು ಸಲ ಮಿನುಗುವ ಹೆಡ್‌ಲೈಟು

ಇನ್ನೂ ಸರಿಯಾಗಿ ಬೆಳಕು ಹರಿದಿಲ್ಲ. ಮನೆಯ ಪಕ್ಕದ ಇಕ್ಕಟ್ಟಾದ ಶೆಡ್ಡಿನಲ್ಲಿ ಹಳೆಯ ಬಿಳಿ ಕಾರೊಂದು ಮುಂದಿನ ಎರಡೂ ಚಕ್ರ ಮೇಲೆತ್ತಿಕೊಂಡು ನಿಂತಿದೆ. ಬಾನೆಟ್ಟಿನ ಕೆಳಗೆ ತಲೆ ತೂರಿಸಿ, ಮೊಣಕೈವರೆಗೆ ಮಸಿ ಬಳಿದುಕೊಂಡ ಅರವತ್ಮೂರರ ಹಿರಿಯರೊಬ್ಬರು ಕೆಟ್ಟುಹೋದ ಪವರ್ ಸ್ಟೀರಿಂಗ್ ಪಂಪಿನ ಕೊನೆಯ ಬೋಲ್ಟು ಬಿಚ್ಚುತ್ತಿದ್ದಾರೆ. ಸ್ಕೂಟರಿನಲ್ಲಿ ಕಾಲಿಡುವ ಜಾಗದಲ್ಲಿ ಕಾರೆತ್ತುವ ಜಾಕಿ ಇಟ್ಟು, ಹಿಂದೆ ಹೆಂಡತಿಯನ್ನು ಕೂರಿಸಿಕೊಂಡು ಮನೆಮನೆಗೆ ಹೋಗುವ ಇವರನ್ನು ಬಡಾವಣೆಯವರೆಲ್ಲ ಕರೆಯುವುದು ಜಾಕಿಯಣ್ಣ ಎಂದೇ.

ಕಾರಿನ ಒಡತಿ ಬಾಗಿಲಲ್ಲಿ ನಿಂತಿದ್ದಾರೆ. ವಾರಕ್ಕೆ ಮೂರು ದಿನ ಗಂಡನನ್ನು ಡಯಾಲಿಸಿಸ್‌ಗೆ ಕರೆದೊಯ್ಯುವವರು ಅವರೇ. ಎಡಭುಜಕ್ಕೆ ಆಪರೇಷನ್ ಆಗಿದೆ. ಪಂಪು ಕೈಕೊಟ್ಟ ಮೇಲೆ ಸ್ಟೀರಿಂಗ್ ಬೀಸುಕಲ್ಲಿನಷ್ಟು ಭಾರವಾಗಿ, ಮೊನ್ನೆ ಗೇಟು ದಾಟಿಸುವಷ್ಟರಲ್ಲೇ ಕಣ್ಣಲ್ಲಿ ನೀರು ಬಂದಿತ್ತಂತೆ. ಇವತ್ತು ಒಂಬತ್ತೂವರೆಗೆ ಆಸ್ಪತ್ರೆಯಲ್ಲಿ ಇರಲೇಬೇಕು.

"ಅಣ್ಣಾ, ಒಂಬತ್ತರೊಳಗೆ ಆಗುತ್ತಾ?"

ಜಾಕಿಯಣ್ಣ ಬೋಲ್ಟಿನಿಂದ ತಲೆಯೆತ್ತುವುದಿಲ್ಲ. ಡ್ರೈವರ್ ಸೀಟಿನಲ್ಲಿ ಕುಳಿತ ಜಾಕಿಯಣ್ಣನ ಹೆಂಡತಿಯೇ ಕಿಟಕಿಯಿಂದ ತಲೆ ಹೊರಹಾಕುತ್ತಾರೆ. "ಆಗುತ್ತಮ್ಮ. ಕೆಲಸಕ್ಕೆ ಕೈ ಹಾಕಿದ್ರೆ ಅವರು ಹಾಗೇ, ಮಾತಾಡಲ್ಲ."

ಅದು ಅರ್ಧ ನಿಜ. ಜಾಕಿಯಣ್ಣನಿಗೆ ಕಿವಿ ಕೇಳುವುದಿಲ್ಲ ಎನ್ನುವುದು ಉಳಿದರ್ಧ. ಮೂವತ್ತು ವರ್ಷ ಬಸ್ ಡಿಪೋದಲ್ಲಿ, ಹತ್ತಾರು ಇಂಜಿನ್ನುಗಳು ಒಟ್ಟಿಗೇ ಅಬ್ಬರಿಸುವ ಶೆಡ್ಡಿನಲ್ಲಿ ದುಡಿದವರು ಅವರು. ಅಲ್ಲಿಂದ ನಿವೃತ್ತರಾಗಿ ಈ ಕೆಲಸ ಹಿಡಿದರು. ತಿಂಗಳಿಗೆ ಹತ್ತು ಹನ್ನೆರಡು ಪಂಪು, ಒಂದೊಂದಕ್ಕೆ ಮೂರು ಗಂಟೆ, ಅದರಲ್ಲಿ ಅರ್ಧ ಹೊತ್ತು ತಣ್ಣನೆ ನೆಲದ ಮೇಲೆ ಅಂಗಾತ. ಬೆನ್ನು ಬೇಡವೆನ್ನುತ್ತದೆ, ಇವರು ಕೇಳುವುದಿಲ್ಲ.

ಹಳೆಯ ಪಂಪು ತೆಗೆದು ಹೊಸದು ಕೂರಿಸಿದರೆ ಮುಗಿಯಿತು ಎಂದುಕೊಂಡವರೇ ಹೆಚ್ಚು. ಒಳಗೆ ಸೇರಿಕೊಂಡ ಗಾಳಿಯನ್ನು ಹೊರಗಟ್ಟುವುದೇ ನಿಜವಾದ ಕೆಲಸ. ಇಂಜಿನ್ ಆರಿಸಿ, ಆಯಿಲ್ ತುಂಬಿ, ಸ್ಟೀರಿಂಗನ್ನು ಈ ಕೊನೆಯಿಂದ ಆ ಕೊನೆಗೆ ಇಪ್ಪತ್ತು ಸಲ ನಿಧಾನವಾಗಿ ತಿರುಗಿಸಬೇಕು. ಆಯಿಲ್ ಡಬ್ಬಿಯಲ್ಲಿ ಗುಳ್ಳೆ ಏಳುವುದು ಕಣ್ಣಿಗೆ ಕಾಣುತ್ತದೆ. ಆಮೇಲೂ ಗಾಳಿ ಉಳಿದಿದ್ದರೆ, ಇಂಜಿನ್ ಶುರುವಾದಾಗ ಪಂಪು ಸಣ್ಣಗೆ ನರಳುತ್ತದೆ. ಅದನ್ನು ತಿಳಿಯಲು ಕಿವಿಯೇ ಬೇಕು.

ಮೂರು ವರ್ಷದ ಹಿಂದೆ ಜಾಕಿಯಣ್ಣ ಶಾಲಾ ಶಿಕ್ಷಕಿಯೊಬ್ಬರ ಕಾರಿಗೆ ಪಂಪು ಹಾಕಿ ಕೊಟ್ಟರು. ಪೇಪರಿನ ಈ ವರದಿಗಾಗಿ ಮಾತಾಡಿಸಿದಾಗ ಅವರೇ ಹೇಳಿಕೊಂಡರು: "ಇಡೀ ಬೀದಿಗೇ ಕೇಳಿಸ್ತಿತ್ತಂತೆ ಆ ಸದ್ದು. ನನಗೊಬ್ಬನಿಗೇ ಕೇಳಿಸ್ಲಿಲ್ಲ." ಐದನೇ ದಿನ ತಿರುವಿನಲ್ಲಿ ಪಂಪು ಒಳಗೇ ಬಿಗಿದು ನಿಂತುಹೋಯಿತು. ಸ್ಟೀರಿಂಗ್ ತಿರುಗಿಸಲಾಗದೆ ಕಾರು ಗೋಡೆಗೆ ಗುದ್ದಿ, ಶಿಕ್ಷಕಿಯ ಮಣಿಕಟ್ಟು ಮುರಿಯಿತು.

"ನೋಡೋಕೆ ಹೋದೆ. ಹೋಗಿ ಏನು ಹೇಳಿದೆ ಗೊತ್ತಾ? ಪಂಪೇ ಸರಿ ಇರ್ಲಿಲ್ಲ ಟೀಚರ್, ಅಂದೆ. ಪಾಪ, ನಂಬಿಬಿಟ್ರು. ಪಟ್ಟಿ ಕಟ್ಟಿದ ಕೈಯಲ್ಲೇ ನನಗೆ ನೀರು ತಂದುಕೊಟ್ರು. ಲೋಟ ಹಾಗೇ ಕೆಳಗಿಟ್ಟು ಎದ್ದು ಬಂದೆ."

ಅಂದೇ ಸ್ಪ್ಯಾನರುಗಳನ್ನೆಲ್ಲ ಗೋಣಿಚೀಲಕ್ಕೆ ತುಂಬಿ ಮಂಚದಡಿ ತಳ್ಳಿದ್ದರು. ಹದಿನೈದು ದಿನ ನೋಡಿ, ಚೀಲವನ್ನು ಹೊರಗೆಳೆದವರು ಹೆಂಡತಿ. ಇಪ್ಪತ್ತೈದು ವರ್ಷ ಬಟ್ಟೆ ಹೊಲಿದವರು. "ಹೊಲಿಗೆ ಮೆಷಿನ್ನಿಗೆ ಎಣ್ಣೆ ಬೇಕು ಅಂತ ಸದ್ದಲ್ಲೇ ಗೊತ್ತಾಗುತ್ತೆ ನನಗೆ. ಇದೂ ಮೆಷಿನ್ನೇ ತಾನೆ?" ಅಂದಿನಿಂದ ಸ್ಟೀರಿಂಗ್ ತಿರುಗಿಸುವುದೂ ಅವರೇ, ಸದ್ದು ಆಲಿಸುವುದೂ ಅವರೇ. ಬಾನೆಟ್ ಎತ್ತಿರುವಾಗ ಮುಖ ಕಾಣದು, ಕೂಗಿದರೆ ಕೇಳದು. ಹಾಗಾಗಿ ಹೆಡ್‌ಲೈಟು. ಒಂದು ಸಲ ಮಿನುಗಿದರೆ ಗಾಳಿ ಉಳಿದಿದೆ, ಎರಡು ಸಲ ಮಿನುಗಿದರೆ ಸರಿಯಾಗಿದೆ. ನೋಡಿದವರು ಲೈಟು ಪರೀಕ್ಷೆ ಮಾಡುತ್ತಿದ್ದಾರೆ ಎಂದುಕೊಳ್ಳುತ್ತಾರೆ.

ಎಂಟೂವರೆ. ಹೊಸ ಪಂಪು ಕೂತಿದೆ, ಇಪ್ಪತ್ತು ಸುತ್ತು ಮುಗಿದಿದೆ, ಇಂಜಿನ್ ಓಡುತ್ತಿದೆ. ಎದುರಿನ ಗೋಡೆಯ ಮೇಲೆ ಬೆಳಕು ಒಂದೇ ಸಲ ಬೀಳುತ್ತದೆ.

"ನನಗೇನೂ ಕೇಳಿಸ್ತಿಲ್ವಲ್ಲ!" ಒಡತಿಯ ತಾಳ್ಮೆ ಮುಗಿದಿದೆ. "ಸರಿಯಾಗೇ ಇದೆ, ಕಾರು ಇಳಿಸಿಬಿಡಿ. ನಮ್ಮನೆಯವರು ಆಗಲೇ ಚಪ್ಪಲಿ ಹಾಕ್ಕೊಂಡು ಕೂತಿದ್ದಾರೆ."

"ಸಣ್ಣಗೆ ಇದೆಯಮ್ಮ, ಸೊಳ್ಳೆ ಗುಂಯ್ ಅಂದ ಹಾಗೆ," ಎನ್ನುತ್ತ ಜಾಕಿಯಣ್ಣನ ಹೆಂಡತಿ ಇಂಜಿನ್ ಆರಿಸುತ್ತಾರೆ.

ಜಾಕಿಯಣ್ಣ ಇದ್ಯಾವುದನ್ನೂ ಕೇಳಿಸಿಕೊಂಡಿಲ್ಲ. ಗೋಡೆಯ ಬೆಳಕನ್ನಷ್ಟೇ ಕಂಡಿದ್ದಾರೆ. ಆಯಿಲ್ ಡಬ್ಬಿಯಿಂದ ಪಂಪಿಗೆ ಇಳಿಯುವ ರಬ್ಬರ್ ಕೊಳವೆಯ ಉದ್ದಕ್ಕೂ ಬೆರಳಾಡಿಸುತ್ತಾರೆ. ಒಂದು ಕ್ಲಿಪ್ಪು ಅರೆಬರೆ ಕೂತಿದೆ, ಗಾಳಿ ಎಳೆಯುತ್ತಿರುವುದು ಅಲ್ಲೇ. ಬಿಗಿ ಮಾಡಿ ತಲೆಯೆತ್ತಿದರೆ ಒಡತಿ ಎದುರಿಗೇ ನಿಂತಿದ್ದಾರೆ. ಅವರು ನೋಡುತ್ತಿರುವುದು ಹೆಂಡತಿಯ ಕಡೆ. "ಇವರಿಗೆ... ಕಿವಿ ಕೇಳಿಸಲ್ವಾ?"

ತುಟಿಯ ಆ ಅಲುಗಾಟ ಜಾಕಿಯಣ್ಣನಿಗೆ ಚೆನ್ನಾಗಿ ಗೊತ್ತು. ಹೆಂಡತಿ ಏನೋ ಹೇಳಿ ಮರೆಮಾಚುವ ಮೊದಲೇ ಅವರೇ ಬಾಯಿಬಿಡುತ್ತಾರೆ. "ಇಲ್ಲಮ್ಮ, ಕೇಳಿಸಲ್ಲ. ನನ್ನ ಕಿವಿ ಅಗೋ, ಕಾರಿನ ಒಳಗೆ ಕೂತಿದೆ."

ಒಡತಿ ಮತ್ತೆ ಅವಸರ ಮಾಡುವುದಿಲ್ಲ. ಇನ್ನೊಮ್ಮೆ ಇಪ್ಪತ್ತು ಸುತ್ತು, ಇನ್ನೊಮ್ಮೆ ಇಂಜಿನ್. ಗೋಡೆಯ ಮೇಲೆ ಬೆಳಕು ಬೀಳುತ್ತದೆ, ಆರುತ್ತದೆ. ಮತ್ತೆ ಬೀಳುತ್ತದೆ. ಒಂಬತ್ತಕ್ಕೆ ಐದು ನಿಮಿಷವಿರುವಾಗ ಗಂಡನನ್ನು ಪಕ್ಕದಲ್ಲಿ ಕೂರಿಸಿಕೊಂಡು ಒಡತಿ ಬಲಗೈಯೊಂದರಲ್ಲೇ ಸ್ಟೀರಿಂಗ್ ತಿರುಗಿಸುತ್ತಾರೆ. ಗೇಟಿನ ಹತ್ತಿರ ನಿಲ್ಲಿಸಿ, ತುಟಿ ಬಿಡಿಸಿ ಬಿಡಿಸಿ ಹೇಳುತ್ತಾರೆ: "ಮುಂದಿನ ಸಲಾನೂ ಇಬ್ಬರೂ ಬನ್ನಿ."

ಕಿವಿಯ ವಿಷಯ ಮಾತ್ರ ಪೇಪರಿನಲ್ಲಿ ಬರಬಾರದು, ಹೊಟ್ಟೆಪಾಡಿನ ಪ್ರಶ್ನೆ ಎಂದು ಮೊದಲ ದಿನ ಕೈಮುಗಿದಿದ್ದ ಜಾಕಿಯಣ್ಣ ಈಗ ಬಟ್ಟೆಚೂರಿಗೆ ಕೈ ಒರೆಸಿಕೊಂಡು, ವರದಿಯ ನೋಟ್‌ಬುಕ್ಕಿನ ಕಡೆ ಬೆರಳು ತೋರುತ್ತಾರೆ. "ಬರೀರಿ. ಕಿವುಡ ಅಂತಾನೇ ಬರೀರಿ. ಆ ಟೀಚರ್ ಮನೆಗೂ ಪೇಪರ್ ಬರುತ್ತೆ. ಪಂಪು ಚೆನ್ನಾಗೇ ಇತ್ತು, ತಪ್ಪು ನಂದು ಅಂತ ಅವರಿಗೆ ಗೊತ್ತಾಗ್ಲಿ."

ಹೆಂಡತಿ ಅವರ ಭುಜ ತಟ್ಟಿ ತನ್ನ ಕಡೆ ತಿರುಗಿಸಿಕೊಳ್ಳುತ್ತಾರೆ. "ಪೇಪರ್ ನೋಡಿ ತಿಳ್ಕೋಬಾರ್ದು ರೀ ಅವರು. ನಡೀರಿ, ಮೊದಲು ನಾವೇ ಹೋಗಿ ಹೇಳೋಣ."

ಜಾಕಿ ಸ್ಕೂಟರಿಗೆ ಏರುತ್ತದೆ. ಕಿಕ್ ಹೊಡೆಯುವ ಮೊದಲು ಜಾಕಿಯಣ್ಣ ಹಿಂದಕ್ಕೆ ತಿರುಗುತ್ತಾರೆ.

"ನೀನೂ ಒಳಗೆ ಬರ್ತೀಯ ತಾನೆ? ಟೀಚರ್ ಏನಂದ್ರು ಅಂತ ನನಗೆ ಯಾರು ಹೇಳ್ತಾರೆ?"