ಶೆಮ್ಶಾಕಿನ ನೆತ್ತಿಯ ಮೇಲೆ ‘ಮೊದಲು ನೀವು’

ಇರಾನಿನ ಹಿಮಬೆಟ್ಟದ ಊರು ಶೆಮ್ಶಾಕಿನ ಬೆಹ್ರಂಗ್ ಕಾಲಿಗೆ ಹಲಗೆ ಕಟ್ಟಿಕೊಂಡು ಹಿಮದ ಮೇಲೆ ಜಾರಿಯೇ ಹೊಟ್ಟೆ ಹೊರೆದವನು. ಬಲಮಂಡಿ ಎರಡನೇ ಸಲ ತಿರುಚಿಕೊಂಡಾಗ ಡಾಕ್ಟರು, "ಇನ್ನು ಜಾರೋದಿದ್ರೆ ಬಚ್ಚಲಲ್ಲಿ ಮಾತ್ರ" ಅಂದುಬಿಟ್ಟರು. ಜಾರುವುದು ನಿಂತಿತು, ಬೆಹ್ರಂಗ್ ಹೊಸ ಯೋಜನೆಯೊಂದನ್ನು ಜಾರಿಗೆ ತಂದ. ಜಾರುವವರ ಸಿನಿಮಾ ತೆಗೆಯುವ ಕಂಪನಿ! ಮಾಲೀಕ, ನಿರ್ದೇಶಕ, ಕ್ಯಾಮೆರಾಮನ್ ಎಲ್ಲ ಅವನೇ. ಕಾರು ಓಡಿಸುವುದು, ಎಲ್ಲರಿಗೂ ಬಿಸಿಬಿಸಿ ಆಶ್ ಗಂಜಿ ಬಡಿಸುವುದು ತಾಯಿ ಮಹ್ರೊಖ್ ಖಾನುಮ್ ಕೆಲಸ.

ಮೊದಲ ಗಿರಾಕಿ ತೆಹರಾನಿನ ಕೈಗವಸು ತಯಾರಕರಾದ ಫರೀವರ್ ಸಾಹೇಬರು. ಅವರ ಗವಸು ತೊಟ್ಟ ಇಬ್ಬರು ಚಾಂಪಿಯನ್ನರು ಯಾರೂ ತುಳಿಯದ ಹಿಮದಲ್ಲಿ ಇಳಿಯಬೇಕು. ಚಿತ್ರ ಹಿಡಿಸಿದರೆ ಇಡೀ ಚಳಿಗಾಲದ ಕೆಲಸ. ಇಲ್ಲವಾದರೆ ಬೆಹ್ರಂಗ್ ಸೋದರಮಾವನ ಉಪ್ಪಿನಕಾಯಿ ಅಂಗಡಿಯಲ್ಲಿ ಕೂರಬೇಕು. ಮಾವ ಅವನ ಅಳತೆಗೆ ಆಗಲೇ ಏಪ್ರನ್ ಹೊಲಿಸಿಟ್ಟಿದ್ದ.

ಬೆಟ್ಟದ ತುದಿಯಲ್ಲಿ ಊರಿನ ಹಿರಿಯ ಚಾಂಪಿಯನ್ ಅರ್ದಲಾನ್, ಹಮದಾನಿನಿಂದ ಬಂದ ಹೂಮನ್. ಕೆಳಗೆ ಕ್ಯಾಮೆರಾ ಹಿಡಿದ ಬೆಹ್ರಂಗ್. ಅರ್ದಲಾನ್ ಎದೆಯ ಮೇಲೆ ಕೈಯಿಟ್ಟು ಬಾಗಿದ.

"ಅತಿಥಿ ನೀವು. ಮೊದಲು ನೀವು ದಯಮಾಡಿಸಿ."

"ಛೆ ಛೆ! ಹಿರಿಯರು ನೀವಿರುವಾಗ ನಾನಾ? ಜನ ಉಗೀತಾರೆ."

"ಪ್ರಾಣ ಹೋದ್ರೂ ನಾನು ಮೊದಲು ಹೋಗಲ್ಲ."

"ನಿಮ್ಮ ಪ್ರಾಣಕ್ಕಿಂತ ಮೊದಲು ನನ್ನದು ಹೋಗಲಿ."

ಹಿಮದ ಹೊಳಪು ಮಾಸುತ್ತ ಬಂತು. ಬೆಹ್ರಂಗ್ ವಾಕಿಟಾಕಿಯಲ್ಲಿ ಕೂಗಿದ. "ಯಾರಾದ್ರೂ ಒಬ್ರು ಹೊರಡಿ, ಪುಣ್ಯಾತ್ಮರೇ!"

"ಯಾರು ಅಂತ ನೀವೇ ಹೇಳಿಬಿಡಿ," ಎಂದರು ಇಬ್ಬರೂ.

ಒಬ್ಬನ ಹೆಸರೆತ್ತಿದರೆ ಹಿರಿಯನಿಗೆ ಅವಮಾನ, ಇನ್ನೊಬ್ಬನದೆತ್ತಿದರೆ ಅತಿಥಿಗೆ. "ಹಾಗಾದ್ರೆ ಒಟ್ಟಿಗೇ ಹೊರಡಿ."

"ಒಟ್ಟಿಗೆ?" ಹೂಮನ್ ಕೆನ್ನೆ ಬಡಿದುಕೊಂಡ. "ಅರ್ದಲಾನ್ ಖಾನ್ ಪಕ್ಕ ಸರಿಸಮ ನಿಲ್ಲೋಷ್ಟು ಕೊಬ್ಬು ನನಗಿಲ್ಲ."

ಪಶ್ಚಿಮದಿಂದ ಮೋಡ ಇಳಿಯತೊಡಗಿತು. ಬೆಹ್ರಂಗ್ ಕ್ಯಾಮೆರಾವನ್ನು ತಾಯಿಯ ಕೈಗಿತ್ತ. "ಅಮ್ಮಾ, ಅವರ ಮುಖಕ್ಕೇ ಹಿಡ್ಕೋ. ಕೆಂಪು ದೀಪ ಆರಬಾರದು."

"ನಿಮ್ಮಪ್ಪಾನೂ ಹೀಗೇ," ಎಂದಳು ಮಹ್ರೊಖ್ ಖಾನುಮ್. "ಮದುವೆ ದಿನ ಬಾಗಿಲಲ್ಲಿ ನಿನ್ನ ತಾತಂಗೆ ದಾರಿ ಬಿಡ್ತಾ ನಿಂತ್ರು. ನಿಕಾಹ್ ಓದಬೇಕಿದ್ದ ಮುಲ್ಲಾ ಊಟ ಮುಗಿಸಿ ಮನೆಗೇ ಹೋಗ್ಬಿಟ್ಟಿದ್ದ."

ಬೆಹ್ರಂಗ್ ಊರುಗೋಲು ಹಿಡಿದು, ತೂಗುಕುರ್ಚಿಯ ಲಿಫ್ಟಿನಲ್ಲಿ ಮೇಲೇರಿದ. ಒಬ್ಬನನ್ನಾದರೂ ತಳ್ಳಿಯೇಬಿಡುವುದು ಅವನ ತೀರ್ಮಾನ. ಅವನನ್ನು ಕಂಡಿದ್ದೇ ಇಬ್ಬರ ಮುಖವೂ ಅರಳಿತು.

"ಓ, ಬೆಹ್ರಂಗ್ ಜಾನ್! ಗುರುಗಳೇ ಬಂದ್ಬಿಟ್ರಲ್ಲ. ನೀವು ಇಳಿಯದೆ ನಾವು ಇಳಿಯೋದುಂಟೇ?"

ಕಾಲಿಗೆ ಹಲಗೆಯಿಲ್ಲ, ಮಂಡಿಯಲ್ಲಿ ಜೀವವಿಲ್ಲ. ಆದರೂ ಬೆಹ್ರಂಗನ ಕೈ ತಾನಾಗಿ ಎದೆಗೆ ಹೋಯಿತು. "ಎಲ್ಲಾದ್ರೂ ಉಂಟೆ? ನಾನು ನಿಮ್ಮ ಕಾಲಧೂಳು!"

ಹೇಳಿ ನಾಲಿಗೆ ಕಚ್ಚಿಕೊಂಡ. ಗುರುವೇ ಧೂಳಾದರೆ ಶಿಷ್ಯ ಇನ್ನೂ ಕೆಳಗಿಳಿಯಬೇಕಲ್ಲ! ಹೂಮನ್ ಮತ್ತಷ್ಟು ಬಾಗಲು ಒಂದು ಹೆಜ್ಜೆ ಹಿಂದಿಟ್ಟ. ಹಿಂದೆ ಇಳಿಜಾರಲ್ಲದೆ ಇನ್ನೇನೂ ಇರಲಿಲ್ಲ. ಹಿರಿಯರಿಗೆ ಬೆನ್ನು ತೋರಿಸಬಾರದೆಂದು ಹಿಮ್ಮುಖವಾಗಿಯೇ, ಎದೆಯಿಂದ ಕೈ ತೆಗೆಯದೆ, "ಕ್ಷಮಿಸಿ, ಕ್ಷಮಿಸೀ..." ಎನ್ನುತ್ತ ಮೋಡದೊಳಗೆ ಮಾಯವಾದ. ಅತಿಥಿಯನ್ನು ಒಂಟಿಯಾಗಿ ಕಳಿಸುವುದುಂಟೇ? ಅರ್ದಲಾನ್ ಅವನ ಹಿಂದೆಯೇ ಹಾರಿದ. ತುದಿಯಲ್ಲಿ ಉಳಿದ ಬೆಹ್ರಂಗನಿಗೆ ‘ಮೊದಲು ನೀವು’ ಎನ್ನಲು ಯಾರೂ ಇರಲಿಲ್ಲ.

ಇಬ್ಬರೂ ಕ್ಷೇಮವಾಗಿ ಕೆಳಗೆ ತಲುಪಿದರು, ಆದರೆ ಜಾರಿದ ದೃಶ್ಯವನ್ನೆಲ್ಲ ಮೋಡ ನುಂಗಿತ್ತು. ಕ್ಯಾಮೆರಾದಲ್ಲಿ ಸಿಕ್ಕಿದ್ದು ಬಾಗುವುದು, ಏಳುವುದು, ಮತ್ತೆ ಬಾಗುವುದು. ಮರುದಿನದಿಂದ ಬಿರುಗಾಳಿ, ಮತ್ತೆ ತೆಗೆಯುವ ಮಾತೇ ಇಲ್ಲ. ಬೆಹ್ರಂಗ್ ಏಪ್ರನ್ನನ್ನು ನೆನೆಯುತ್ತಲೇ ತಾಯಿಯೊಡನೆ ಹೋಗಿ, ಫರೀವರ್ ಸಾಹೇಬರ ಮನೆಯ ಹಜಾರದಲ್ಲಿ ಅವರ ಮುಂದೆ ಚಿತ್ರ ಹಾಕಿದ. ಸಾಹೇಬರು ಕಣ್ಣು ಮಿಟುಕಿಸದೆ ಕೊನೆಯವರೆಗೂ ನೋಡಿ, ಎದ್ದು ನಿಂತರು.

"ಮಗೂ, ಇಷ್ಟು ವರ್ಷ ಎಲ್ಲರೂ ಹಿಮ ಎರಚಿ ನನ್ನ ಗವಸನ್ನೇ ಮುಚ್ಚಿದ್ರು. ನೀನು ಒಬ್ಬನೇ ನೋಡು, ಉದ್ದಕ್ಕೂ ಎದೆ ಮೇಲೆ ಇಟ್ಟು ತೋರಿಸಿದವನು! ನಡಿ, ಒಳಗೆ ಸಹಿ ಹಾಕೋಣ."

ಬಾಗಿಲವರೆಗೆ ಎಲ್ಲವೂ ಸರಾಗ.

"ದಯಮಾಡಿಸಿ," ಎಂದ ಬೆಹ್ರಂಗ್.

"ನನ್ನ ಮನೇಲಿ ನಾನು ಮೊದಲು ಒಳಗೆ ಹೋಗೋದೇ? ನೀವು."

"ಸಾಧ್ಯವೇ ಇಲ್ಲ, ಸಾಹೇಬ್ರೇ."

ಮಹ್ರೊಖ್ ಖಾನುಮ್ ಇಬ್ಬರ ನಡುವೆ ಕೈಚೀಲ ತೂರಿಸಿ, ದಾರಿ ಮಾಡಿಕೊಂಡು ಒಳನಡೆದಳು. ಕಂಪನಿಯ ಪರವಾಗಿ ಸಹಿ ಹಾಕಿ ಹೊರಬಂದಾಗಲೂ ಇಬ್ಬರೂ ಹೊಸ್ತಿಲಾಚೆ ಬಾಗುತ್ತಲೇ ಇದ್ದರು.

"ಆಯ್ತು, ನಡಿ," ಎಂದಳು ಮಗನಿಗೆ. "ಆ ಏಪ್ರನ್ ನಿನ್ನ ಮಾವನೇ ಕಟ್ಕೊಳ್ಲಿ."